ಹಳೆಯ ಯೆಜ್ಡಿಗೆ ಡೈನಮೋ ಎಲ್ಲಿ ಸಿಗುತ್ತದೆ?

ತಂದೆಯವರ ಕಾಲದ ಯೆಜ್ಡಿ 250 ಬೈಕು ಬಹಳ ವರ್ಷ ಶೆಡ್ಡಿನಲ್ಲೇ ನಿಂತಿತ್ತು, ಈಗ ಎಂಜಿನ್ ಶುರುವಾಗುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತಿಲ್ಲ, ಹೊಸ ಡೈನಮೋ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅಂಗಡಿ ಸುತ್ತುವ ಮೊದಲು ಸ್ವಲ್ಪ ತಾಳಿ. ನಿಮ್ಮ ಡೈನಮೋ ಕೆಟ್ಟೇ ಇಲ್ಲದಿರಬಹುದು.

ಡೈನಮೋ ಒಳಗಿನ ಕಬ್ಬಿಣದಲ್ಲಿ ಅಷ್ಟಿಷ್ಟು ಕಾಂತಶಕ್ತಿ ಉಳಿದಿದ್ದರೆ ಮಾತ್ರ ಅದು ವಿದ್ಯುತ್ ಹುಟ್ಟಿಸಲು ಶುರುಮಾಡುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಬತ್ತಿಹೋಗಿರಬಹುದು. ಎಂಜಿನ್ ನಿಲ್ಲಿಸಿ, ಒಳ್ಳೆಯ 6 ವೋಲ್ಟ್ ಬ್ಯಾಟರಿ ಜೋಡಿಸಿ, ಡೈನಮೋವನ್ನು ಬ್ಯಾಟರಿಗೆ ತಾನಾಗಿ ಸೇರಿಸಿ ಬಿಡಿಸುವ ಸ್ವಿಚ್ಚಾದ ಕಟ್‌ಔಟ್‌ನ ಕಾಂಟ್ಯಾಕ್ಟನ್ನು ಒಮ್ಮೆ ಒತ್ತಿ ತಕ್ಷಣ ಬಿಡಿ. ಹಿಡಿದೇ ಇದ್ದರೆ ವೈರ್ ಕಾಯುತ್ತದೆ. ಬ್ಯಾಟರಿಯ ಕರೆಂಟು ಡೈನಮೋದೊಳಗಿನ ಫೀಲ್ಡ್ ಕಾಯಿಲ್‌ನಲ್ಲಿ ಹರಿದರೆ ಕಳೆದುಹೋದ ಕಾಂತಶಕ್ತಿ ಮರಳುತ್ತದೆ. ಆಮೇಲೆ ಗಾಡಿ ಶುರುಮಾಡಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಆಕ್ಸಿಲರೇಟರ್ ಕೊಟ್ಟಾಗ 7 ವೋಲ್ಟ್ ಆಸುಪಾಸಿಗೆ ಏರಿದರೆ ಒಂದು ಪೈಸೆಯ ಖರ್ಚೂ ಇಲ್ಲ.

ಏರದಿದ್ದರೆ, ಡೈನಮೋದ ತಿರುಗುವ ಭಾಗಕ್ಕೆ ಒತ್ತಿಕೊಂಡು ಕರೆಂಟು ಒಯ್ಯುವ ಕಾರ್ಬನ್ ಬ್ರಷ್ ನೋಡಿ. ಅದೇ ಅಳತೆಯದು ಸಿಗದಿದ್ದರೆ ಕೊಂಚ ದಪ್ಪನೆಯದನ್ನು ತಂದು ನುಣುಪಾದ ಮರಳುಕಾಗದದ ಮೇಲೆ ತಿಕ್ಕಿ ಕೂರಿಸಬಹುದು, ಗೂಡಿನಲ್ಲಿ ಸರಾಗವಾಗಿ ಜಾರಿದರೆ ಸಾಕು. ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ಒರೆಸಿ, ಗೀರು ಬಿದ್ದಿದ್ದರೆ ಲೇತ್‌ನಲ್ಲಿ ತೆಳುವಾಗಿ ಹೊಡೆಸಿ, ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ತಗ್ಗಿಸಿ. ಈ ಕೊನೆಯ ಕೆಲಸವನ್ನು ಅವಸರದ ಮೆಕ್ಯಾನಿಕ್ ಬಿಟ್ಟುಬಿಡುತ್ತಾನೆ, ನಿಂತು ಮಾಡಿಸಿ. ಡೈನಮೋದ ತಿರುಗುವ ಭಾಗವಾದ ಆರ್ಮೇಚರ್ ಎಂಜಿನ್ನಿನ ಕ್ರ್ಯಾಂಕಿನ ತುದಿಯ ಮೇಲೆಯೇ ಕೂತಿರುವುದರಿಂದ ಪುಲ್ಲರ್ ಬೋಲ್ಟ್ ಹಾಕಿಯೇ ಬಿಡಿಸಬೇಕು. ಸುತ್ತಿಗೆ ಹಿಡಿದು ಬರುವವನನ್ನು ಗಾಡಿಯ ಹತ್ತಿರ ಬಿಟ್ಟುಕೊಳ್ಳಬೇಡಿ.

ವೈಂಡಿಂಗ್ (ಆರ್ಮೇಚರ್ ತಂತಿಯ ಸುತ್ತು) ಸುಟ್ಟಿದ್ದರೂ ನಾನು ಹೊಸದನ್ನು ಹುಡುಕುವುದಿಲ್ಲ, ಹಳೆಯದನ್ನೇ ಸುತ್ತಿಸುತ್ತೇನೆ. ಪಂಪ್‌ಸೆಟ್ ಮೋಟಾರ್ ಸುತ್ತುವವರಲ್ಲಿ ವಾಹನಗಳ ಆರ್ಮೇಚರ್ ಸುತ್ತಿ ಗೊತ್ತಿರುವವರನ್ನು ಆರಿಸಿ, ಪರೀಕ್ಷಿಸಲು ಗ್ರೌಲರ್ ಎಂಬ ಉಪಕರಣ ಇದೆಯೇ ಎಂದು ಕೇಳಿ. ಹಳೆಯ ತಂತಿಯ ದಪ್ಪ, ಸುತ್ತುಗಳ ಲೆಕ್ಕ ಬರೆದುಕೊಂಡೇ ಬಿಚ್ಚಲಿ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಇಂದು ‘ಕಂಪನಿ ಮಾಲು’ ಎಂದು ಕೈಗೆ ಕೊಡುವುದು ಮೂವತ್ತು ವರ್ಷದ ಹಳೆಯ ದಾಸ್ತಾನು, ಇಲ್ಲವೇ ಹೊಸ ಪೊಟ್ಟಣದೊಳಗಿನ ನಕಲು. ಕಿಡಿ ಹುಟ್ಟಿಸುವ ವ್ಯವಸ್ಥೆಯ ಕಂಡೆನ್ಸರ್‌ನಂಥದ್ದು ಬಳಸದೆ ಇಟ್ಟರೂ ಹಾಳಾಗುತ್ತದೆ, ಅದಕ್ಕೆ ಹಳೆಯ ದಾಸ್ತಾನಿನ ಮೋಹ ಬೇಡ. ಪಾಯಿಂಟ್ (ಕಿಡಿಗಾಗಿ ಕರೆಂಟು ಕಡಿಯುವ ಸ್ವಿಚ್ಚು) ಇರುವ ಯಾವುದಾದರೂ ಹಳೆಯ ಕಾರಿನ ಕಂಡೆನ್ಸರನ್ನು ಹೊರಗೆ ಅರ್ತ್ ಮಾಡಿ ಕಟ್ಟಿದರೂ ಕೆಲಸ ನಡೆಯುತ್ತದೆ. ಇಗ್ನಿಷನ್ ಕಾಯಿಲ್ ಮಾತ್ರ 6 ವೋಲ್ಟಿನದೇ ಇರಲಿ, 12ರದು ಹಾಕಿದರೆ ಕಿಡಿ ಸಪ್ಪೆಯಾಗುತ್ತದೆ. 2018ರಲ್ಲಿ ಬಂದ ಹೊಸ ಜಾವಾದ ಷೋರೂಮಿನಲ್ಲಿ ಕೇಳಿ ಪ್ರಯೋಜನವಿಲ್ಲ. ಅದು ಫೋರ್ ಸ್ಟ್ರೋಕ್ ಗಾಡಿ, ನಿಮ್ಮದು ಟೂ ಸ್ಟ್ರೋಕ್, ಹೆಸರೊಂದೇ ನೆಂಟಸ್ತಿಕೆ.

ಕೊಳ್ಳಲೇಬೇಕೆಂದರೆ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ‘ಯೆಜ್ಡಿಯದು’ ಎಂದಷ್ಟೇ ಹೇಳಿದರೆ ಅದೇ ಕಂಪನಿಯ ಇನ್ನೊಂದು ಮಾದರಿಯಾದ ರೋಡ್‌ಕಿಂಗ್‌ನದನ್ನು ಕಟ್ಟಿಕೊಟ್ಟಾರು. ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳ ಬಳಿಯೂ, ಜುಲೈನ ಎರಡನೆಯ ಭಾನುವಾರ ಜಾವಾ ದಿನಕ್ಕೆ ಸೇರುವ ಜಾವಾ-ಯೆಜ್ಡಿ ಸವಾರರ ಬಳಿಯೂ ವಿಚಾರಿಸಿ. ಅಂಗಡಿಯವನಿಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ.

ನಿತ್ಯ ಕಚೇರಿಗೆ ಓಡಿಸುವ ಆಲೋಚನೆ ಇದ್ದರೆ ಜೆಕ್ ದೇಶದ ವೇಪ್ ಕಂಪನಿಯ, ಡೈನಮೋ ಬದಲು ಕೂರಿಸುವ 12 ವೋಲ್ಟ್ ಕಿಟ್ ಒಂದು ದಾರಿ. ಪಾಯಿಂಟಿನ ಕಾಟ ತಪ್ಪುತ್ತದೆ, ಹೆಡ್‌ಲೈಟ್ ನಿಜಕ್ಕೂ ದಾರಿ ತೋರಿಸುತ್ತದೆ. ಆದರೆ ಆಮದು ಸುಂಕ ಸೇರಿ ಬೆಲೆ ಕೈ ಕಚ್ಚುತ್ತದೆ, ಬ್ಯಾಟರಿ, ಬಲ್ಬು, ಹಾರನ್ ಎಲ್ಲವನ್ನೂ ಬದಲಿಸಬೇಕು. ಹಾಕಿಸಿದರೂ ಬಿಚ್ಚಿದ ಡೈನಮೋವನ್ನು ಗುಜರಿಗೆ ಕೊಡಬೇಡಿ. ನಿಮಗೆ ಬೇಡವಾದರೆ ಕೇಳುವವರು ಬಹಳ ಮಂದಿ ಇದ್ದಾರೆ, ನಾನೂ ಒಬ್ಬ.