ಹಳೇ ಸ್ಕೂಟರಿಗೆ ಲಿಥಿಯಂ: ದುಡ್ಡು ಕೊಡುವ ಮುಂಚೆ ಸೀಟೆತ್ತಿ ನೋಡಿ

ಹಳೇ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಬಗ್ಗೆ ಬಂದಿರುವ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: 2019ರಲ್ಲಿ ಅಪ್ಪನಿಗೆ ಅಂತ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದೆವು. 250 ವ್ಯಾಟ್, ಲೈಸೆನ್ಸ್ ಬೇಡದ್ದು. ಐದು ಲೆಡ್ ಬ್ಯಾಟರಿ, 60 ವೋಲ್ಟ್ 20 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ). ಒಂದು ಸಲ ಬದಲಾಯಿಸಿದ್ದೂ ಆಯ್ತು. ಹೊಸದರಲ್ಲಿ 40 ಕಿ.ಮೀ. ಓಡುತ್ತಿತ್ತು, ಈಗ 14ಕ್ಕೇ ಸುಸ್ತು. ಅಪ್ಪನಿಗೆ ದಿನಕ್ಕೆ 18 ಕಿ.ಮೀ. ಓಡಾಟ ಇದೆ. ಅಂಗಡಿಯವರು ಲೆಡ್ ಐದಕ್ಕೆ 15,000, ಲಿಥಿಯಂ ಪ್ಯಾಕಿಗೆ 25,000 ಹೇಳುತ್ತಿದ್ದಾರೆ. ಹಳೇ ಗಾಡಿಗೆ ಲಿಥಿಯಂ ಹೊಂದುತ್ತಾ? ಯಾವುದು ಹಾಕಿಸಲಿ?
— ಓದುಗರು, ದಾವಣಗೆರೆ

ಉತ್ತರ: ಹೊಂದುತ್ತದೆ. ಆದರೆ ಅಂಗಡಿಗೆ ಹೋಗುವ ಮುಂಚೆ ತಪ್ಪು ಬ್ಯಾಟರಿಯದ್ದೇನಾ ಅಂತ ನೋಡಿಬಿಡಿ. ಹೋದ ವರ್ಷ ನನ್ನ ಹತ್ತಿರ ಬಂದವರೊಬ್ಬರು ಲಿಥಿಯಂ ಪ್ಯಾಕ್ ಆಗಲೇ ಹಾಕಿಸಿದ್ದರು. ಆದರೂ ಮೈಲೇಜ್ ಇಲ್ಲ. ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ತಿರುಗಿಸಿದೆ, ಅರ್ಧ ಸುತ್ತಿಗೇ ನಿಂತಿತು. ಡ್ರಮ್ ಬ್ರೇಕ್ ಅಷ್ಟು ಬಿಗಿ ಮಾಡಿಟ್ಟಿದ್ದರು. ಹಿಂದಿನ ಟೈರಿನಲ್ಲಿ ಗಾಳಿಯೂ ಇರಲಿಲ್ಲ. ಒಂದು ಸ್ಪ್ಯಾನರ್, ಒಂದು ಪಂಪು, ಇಷ್ಟರಲ್ಲೇ ಮುಗಿಯುತ್ತಿದ್ದ ಕೆಲಸ.

ಚಕ್ರ, ಗಾಳಿ ಸರಿ ಇದ್ದರೆ ಮುಂದೆ ಚಾರ್ಜರ್. 60 ವೋಲ್ಟಿನ ಲೆಡ್ ಚಾರ್ಜರ್ ಚಾರ್ಜು ಮುಗಿಯುವ ಹೊತ್ತಿಗೆ ಹೆಚ್ಚುಕಮ್ಮಿ 72-73 ವೋಲ್ಟಿಗೆ ಏರಬೇಕು. 68ಕ್ಕೇ ಹಸಿರು ದೀಪ ಹಚ್ಚಿ ಕೂತಿದ್ದರೆ ನಿಮ್ಮ ಬ್ಯಾಟರಿ ಎಷ್ಟೋ ತಿಂಗಳಿಂದ ಅರೆಹೊಟ್ಟೆಯಲ್ಲಿದೆ ಅಂತ ಅರ್ಥ.

ಆಮೇಲೆ ಬ್ಯಾಟರಿಗಳು. ಗಾಡಿಯ ಮೀಟರಿನಲ್ಲಿ ಕೊನೆ ಗೆರೆ ಉಳಿಯುವವರೆಗೆ ಓಡಿಸಿ. ಮನೆಗೆ ಬಂದ ಕೂಡಲೇ ಎಂಸಿಬಿ, ಅಂದರೆ ಬ್ಯಾಟರಿ ಲೈನಿನ ಸುರಕ್ಷತಾ ಸ್ವಿಚ್, ಆಫ್ ಮಾಡಿ, ಮಲ್ಟಿಮೀಟರಿನಲ್ಲಿ ಒಂದೊಂದರದ್ದೇ ವೋಲ್ಟೇಜ್ ಬರೆದುಕೊಳ್ಳಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಮೊದಲು ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಎಂಸಿಬಿ ಆಫ್ ಆದರೂ ಬ್ಯಾಟರಿಗಳ ಸಾಲಿನಲ್ಲಿ 60 ವೋಲ್ಟ್ ಹಾಗೇ ಇರುತ್ತದೆ. ಐದೂ 11.5ರ ಆಸುಪಾಸಿನಲ್ಲಿದ್ದರೆ ಸೆಟ್ಟೇ ಮುದಿಯಾಗಿದೆ. ನಾಲ್ಕು 12ರ ಮೇಲಿದ್ದು ಒಂದು ಮಾತ್ರ 10ಕ್ಕೆ ಕುಸಿದಿದ್ದರೆ ಕೆಳಗಿನ ಹಾಸನದವರ ಪ್ರಶ್ನೆಯನ್ನೂ ಓದಿ.

ನಿಮ್ಮ ಲೆಕ್ಕಕ್ಕೆ ಬರೋಣ. ದಿನಕ್ಕೆ 18 ಕಿ.ಮೀ. ಅಂದರೆ ನನ್ನ ಮತ ಲಿಥಿಯಂ ಕಡೆಗೇ. ದಿನಾ ಓಡಿಸುವ ಲೆಡ್ ಬ್ಯಾಟರಿ ಎರಡು ವರ್ಷ ಬಾಳಿದರೆ ಪುಣ್ಯ. ಪೂರ್ತಿ ಖಾಲಿ ಮಾಡುತ್ತಾ ಹೋದರೆ ಮುನ್ನೂರು ಚಿಲ್ಲರೆ ಸಲ ಚಾರ್ಜು ಮಾಡುವಷ್ಟರಲ್ಲಿ ಅದರ ಆಯಸ್ಸು ಮುಗಿಯುತ್ತದೆ. ಒಳ್ಳೆಯ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 1,500 ಸಲ ದಾಟುತ್ತದೆ. ಅಪ್ಪನ ಓಡಾಟ ಬರೀ ನಾಲ್ಕೈದು ಕಿ.ಮೀ. ಆಗಿದ್ದರೆ ಲೆಡ್ಡೇ ಹಾಕಿಸಿ ಅಂತ ಹೇಳುತ್ತಿದ್ದೆ. ಲೆಡ್ಡಿನಿಂದ ಲಿಥಿಯಂಗೆ ಹೋಗುವುದು ಹೊಸ ಸಾಹಸವೇನಲ್ಲ. ನಮ್ಮ ಬೆಂಗಳೂರಿನ ರೇವಾ ಕಾರು 2001ರಲ್ಲಿ ಬಂದಾಗ ಅದರಲ್ಲೂ 6 ವೋಲ್ಟಿನ ಎಂಟು ಲೆಡ್ ಬ್ಯಾಟರಿಗಳೇ ಇದ್ದವು. ಲಿಥಿಯಂ ಮಾದರಿ ಬಂದಿದ್ದು 2009ರಲ್ಲಿ.

ಲಿಥಿಯಂನಲ್ಲಿ ಎನ್‌ಎಂಸಿ ಅಂತ ಇನ್ನೊಂದು ಜಾತಿ ಇದೆ. ಹಗುರ, ಚಿಕ್ಕದು. ಆದರೆ ಬಿಸಿಗೆ ಬೇಗ ಕೆರಳುತ್ತದೆ. ಐದು ಲೆಡ್ ಡಬ್ಬ ಕೂರುತ್ತಿದ್ದ ಜಾಗ ನಿಮ್ಮ ಗಾಡಿಯಲ್ಲಿ ಇದ್ದೇ ಇದೆಯಲ್ಲ, ಚಿಕ್ಕದೇ ಬೇಕು ಅನ್ನುವ ಅಗತ್ಯ ಏನಿದೆ? ಎಲ್‌ಎಫ್‌ಪಿ ಸಾಕು.

ಈಗ ಮುಖ್ಯವಾದದ್ದು. ಸೀಟಿನ ಕೆಳಗೋ ಫುಟ್‌ಬೋರ್ಡಿನ ಹಿಂದೋ ಅಲ್ಯೂಮಿನಿಯಂ ಡಬ್ಬದ ಥರ ಕಂಟ್ರೋಲರ್ ಇರುತ್ತದೆ. ಬ್ಯಾಟರಿಯಿಂದ ಮೋಟಾರಿಗೆ ಕರೆಂಟು ಅಳೆದು ಕೊಡುವುದು ಇದೇ. ಧೂಳು ಒರೆಸಿ ಅದರ ಮೇಲಿನ ಚೀಟಿ ಓದಿ. ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ: 60 ವೋಲ್ಟ್, ಅಂಡರ್ ವೋಲ್ಟೇಜ್ (ಇದಕ್ಕಿಂತ ಇಳಿದರೆ ಕರೆಂಟು ನಿಲ್ಲಿಸುವ ಗೆರೆ) 52.5, ಕರೆಂಟ್ ಲಿಮಿಟ್ 22 ಆಂಪ್ಸ್, ಹೀಗೆ. ಫೋನಿನಲ್ಲಿ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಅಂಗಡಿಯವರು ಎಷ್ಟು ಎಎಚ್ ಬೇಕು ಅಂತ ಮಾತು ಶುರುಮಾಡುತ್ತಾರೆ. ನೀವು ಈ ಚೀಟಿಯಿಂದ ಶುರುಮಾಡಿ.

ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜ್ 3.2. ತುಂಬಿದಾಗ 3.65. 60 ವೋಲ್ಟಿನ ಗಾಡಿಗೆ ಸಾಲಿಗೆ 19 ಅಥವಾ 20 ಸೆಲ್ ಹಾಕುತ್ತಾರೆ. 19 ಆದರೆ ತುಂಬಿದಾಗ 69.35 ವೋಲ್ಟ್, 20 ಆದರೆ 73. ಎರಡೂ ನಡೆಯುತ್ತವೆ. ಕಂಟ್ರೋಲರ್ 52.5ಕ್ಕೆ ಕೈಬಿಡುವಾಗ ಸೆಲ್ಲಿಗೆ 2.6ರಿಂದ 2.8 ವೋಲ್ಟ್ ಉಳಿದಿರುತ್ತದೆ, ಅಪಾಯದ ಗೆರೆ 2.5 ಮುಟ್ಟುವುದಿಲ್ಲ. ನಾನಾದರೆ 19 ತಗೋತೀನಿ. ಹಳೇ ಕಂಟ್ರೋಲರಿಗೆ ಅಷ್ಟು ಆರಾಮ.

ಮುಂದಿನದು ಬಿಎಂಎಸ್. ಪ್ಯಾಕಿನೊಳಗೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಅದು. ನಿಮ್ಮ ಕಂಟ್ರೋಲರ್ 22 ಆಂಪ್ಸ್ ಎಳೆಯುತ್ತದೆ ಅಂದರೆ ಬಿಎಂಎಸ್ ಕನಿಷ್ಠ 30 ಆಂಪ್ಸ್ ಸತತವಾಗಿ ಕೊಡುವಂಥದ್ದಿರಲಿ. 20 ಆಂಪ್ಸಿನದು ಹಾಕಿಬಿಟ್ಟರೆ ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೇಲ್ಸೇತುವೆ ಏರುವಾಗ ಗಾಡಿ ಫಕ್ಕನೆ ಆರಿಹೋಗುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ನೆನೆಸಿಕೊಳ್ಳಿ.

ಎಎಚ್ ವಿಷಯದಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. 24 ಎಎಚ್ ಅಂತ ಸ್ಟಿಕ್ಕರ್ ಅಂಟಿಸಿದ್ದ ಪ್ಯಾಕ್ ತಂದಿದ್ದೆ. ಖಾಲಿ ಮಾಡಿ 5 ಆಂಪ್ಸ್ ಚಾರ್ಜರಿಗೆ ಹಾಕಿದೆ. 24ನ್ನು 5ರಿಂದ ಭಾಗಿಸಿದರೆ ಹತ್ತಿರ ಹತ್ತಿರ ಐದು ಗಂಟೆ ಆಗಬೇಕು ಅಲ್ವಾ? ಮೂರೂವರೆ ಗಂಟೆಗೇ ಹಸಿರು ದೀಪ. ಅನುಮಾನ ಬಂದು ಬಿಚ್ಚಿದೆ. ಇಂಥ ಪ್ಯಾಕುಗಳಲ್ಲಿ ಜಾಸ್ತಿ ಬಳಸುವುದು 32700 ಅನ್ನುವ ದಪ್ಪ ಸೆಲ್. 32 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ, ಒಂದೊಂದು 6 ಎಎಚ್. 24 ಎಎಚ್ ಬೇಕಾದರೆ ನಾಲ್ಕು ನಾಲ್ಕು ಜೋಡಿಸಿದ 19 ಸಾಲು, ಒಟ್ಟು 76 ಸೆಲ್ ಇರಬೇಕು. ಎಣಿಸಿದರೆ 57. ಮೂರು ಮೂರೇ! ಉಳಿದ ಜಾಗಕ್ಕೆ ಥರ್ಮೊಕೋಲ್ ತುರುಕಿದ್ದರು.

ನೀವು ಬಿಚ್ಚುವುದೇನೂ ಬೇಡ, ತೂಕ ಹಾಕಿ. ಒಂದು ಸೆಲ್ 140 ಗ್ರಾಂ ಆಸುಪಾಸು ಇರುತ್ತದೆ. 76 ಸೆಲ್ಲಿಗೇ ಹತ್ತೂವರೆ ಕೆ.ಜಿ. ದಾಟುತ್ತದೆ. ಡಬ್ಬ, ವೈರು ಸೇರಿ 12-14 ಕೆ.ಜಿ. 24 ಎಎಚ್ ಅಂತ ಹೇಳಿ ಒಂಬತ್ತು ಕೆ.ಜಿ. ಕೈಗಿಟ್ಟರೆ ನಮಸ್ಕಾರ ಹೇಳಿ ಬನ್ನಿ. ಗ್ಯಾರಂಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಎಐಎಸ್-156 ಪ್ರಕಾರ ಪರೀಕ್ಷೆಯಾದ ಪ್ಯಾಕೇ ಅಂತ ಕೇಳಿ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಈ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿದರು. 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚ್ ಕೊನೆಗೆ ಇನ್ನೊಂದು.

60 ವೋಲ್ಟ್ 24 ಎಎಚ್ ಪ್ಯಾಕಿನಲ್ಲಿ ಸುಮಾರು 1,460 ವ್ಯಾಟ್-ಅವರ್ ಇರುತ್ತದೆ. ನಿಮ್ಮಂಥ ಗಾಡಿ ಕಿ.ಮೀ.ಗೆ 25ರಂತೆ ತಿಂದರೂ 50 ಕಿ.ಮೀ. ಧಾರಾಳ. ಅಪ್ಪ ಎರಡು ದಿನಕ್ಕೊಮ್ಮೆ ಚಾರ್ಜು ಹಾಕಿದರೆ ಸಾಕು.

ಹಾಕಿಸುವಾಗ ಮೂರು ಕಡೆ ಕಣ್ಣಿಡಿ. ಪ್ಯಾಕ್ ಅಲ್ಲಾಡಬಾರದು. ಕೆಳಗೆ, ಸುತ್ತ ರಬ್ಬರ್ ಶೀಟ್ ಇಟ್ಟು ಮೇಲೆ ಪಟ್ಟಿ ಬಿಗಿಸಬೇಕು, ಇಲ್ಲದಿದ್ದರೆ ನಮ್ಮ ಹಂಪುಗಳಿಗೆ ಒಳಗಿನ ಬೆಸುಗೆ ಬಿಟ್ಟುಹೋಗುತ್ತದೆ. ಹಳೇ ಎಂಸಿಬಿಯನ್ನು ತೆಗೆದು ಬಿಸಾಕಲು ಬಿಡಬೇಡಿ. ಮೂರನೆಯದು ಚಾರ್ಜರ್, ಅದು ಹೊಸದೇ ಆಗಬೇಕು. ಹಳೇ ಲೆಡ್ ಚಾರ್ಜರ್ 73 ವೋಲ್ಟಿನವರೆಗೆ ಏರುತ್ತದೆ ಅಂದೆನಲ್ಲ, 19 ಸೆಲ್ಲಿನ ಪ್ಯಾಕಿಗೆ 69.35 ದಾಟಬಾರದು. ತಡೆಯಲು ಬಿಎಂಎಸ್ ಇದೆ ನಿಜ. ಆದರೆ ಬಾಗಿಲಿಗೆ ಚಿಲಕ ಇದೆ ಅಂತ ದಿನಾ ಯಾರಾದರೂ ಒದೆಯುತ್ತಾರಾ?

ಹಾಗೇ ಚಾರ್ಜಿಂಗ್ ಪಿನ್ ನೋಡಿ. ಹಲವು ಗಾಡಿಗಳಲ್ಲಿ ಅದು ಕಂಪ್ಯೂಟರಿನ ಪವರ್ ಕೇಬಲ್ ಥರದ್ದೇ ಮೂರು ಪಿನ್ನಿನದು. ಯಾವ ಪಿನ್ ಪ್ಲಸ್, ಯಾವುದು ಮೈನಸ್ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಹೊಸ ಚಾರ್ಜರ್ ಸಿಕ್ಕಿಸುವ ಮುಂಚೆ ಎರಡೂ ಕಡೆ ಮಲ್ಟಿಮೀಟರ್ ಹಿಡಿದು ನೋಡಲು ಹೇಳಿ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಜೋಪಾನ. ಕಂಪ್ಯೂಟರ್ ಕೇಬಲ್ ತಂದು ಗೋಡೆಯ ಕರೆಂಟನ್ನೇ ನೇರ ಗಾಡಿಗೆ ಕೊಟ್ಟುಬಿಟ್ಟರೆ ಪ್ಯಾಕಿನ ಕಥೆ ಅಲ್ಲಿಗೇ ಮುಗಿಯಿತು.

ಅಪ್ಪನಿಗೆ ಮೊದಲೇ ಹೇಳಿಡಬೇಕಾದ ಮಾತೊಂದಿದೆ. ಲೆಡ್ ಇದ್ದಾಗ ಗಾಡಿಯ ಮೀಟರಿನ ಗೆರೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಎಲ್‌ಎಫ್‌ಪಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ. 40 ಕಿ.ಮೀ. ಆದರೂ ಮೀಟರ್ ಫುಲ್ಲೇ ತೋರಿಸಬಹುದು. ಆಮೇಲೆ ಎರಡು ಮೂರು ಕಿ.ಮೀ.ನಲ್ಲಿ ದಡಬಡ ಇಳಿದು ಗಾಡಿ ನಿಲ್ಲುತ್ತದೆ. ಬ್ಲೂಟೂತ್ ಇರುವ ಬಿಎಂಎಸ್ ಸಿಕ್ಕರೆ ಫೋನಿನಲ್ಲೇ ಪರ್ಸೆಂಟ್ ಕಾಣುತ್ತದೆ. ಅಪ್ಪನಿಗೆ ಫೋನಿನ ಗೊಡವೆ ಬೇಡ ಅಂದರೆ ಕಿ.ಮೀ. ನೋಡಿಕೊಂಡು ಓಡಿಸಲಿ.

ಹಳೇ ಐದು ಬ್ಯಾಟರಿಗಳನ್ನು ಸುಮ್ನೆ ಬಿಟ್ಟು ಬರಬೇಡಿ. ಒಳಗಿನ ಸೀಸಕ್ಕೆ ತೂಕದ ಲೆಕ್ಕದಲ್ಲಿ ಬೆಲೆ ಇದೆ, ಬಿಲ್ಲಿನಲ್ಲಿ ಕಳೆಯಲು ಹೇಳಿ. ದಾರಿಯ ಗುಜರಿಯವನಿಗೆ ಮಾತ್ರ ಕೊಡಬೇಡಿ, ಆಸಿಡ್ಡನ್ನು ಚರಂಡಿಗೆ ಸುರಿದುಬಿಡುತ್ತಾರೆ.

ಪ್ರಶ್ನೆ: ನನ್ನ ಸ್ಕೂಟರಿನ ಐದು ಲೆಡ್ ಬ್ಯಾಟರಿಗಳಲ್ಲಿ ಒಂದು ಮಾತ್ರ ಹೋಗಿದೆ ಅಂತಾರೆ ಮೆಕ್ಯಾನಿಕ್. ಸೆಟ್ ಹಾಕಿಸಿ ಒಂದೂವರೆ ವರ್ಷ. ಒಂದನ್ನೇ ಹೊಸದು ಹಾಕಿದರೆ ಆಗಲ್ವಾ?
— ಓದುಗರು, ಹಾಸನ

ಉತ್ತರ: ಸೆಟ್ಟಿಗೆ ಆರು ತಿಂಗಳೂ ಆಗಿಲ್ಲದಿದ್ದರೆ ವಾರಂಟಿಯಲ್ಲಿ ಒಂದನ್ನೇ ಬದಲಾಯಿಸಿಕೊಳ್ಳಿ ಅನ್ನುತ್ತಿದ್ದೆ. ಒಂದೂವರೆ ವರ್ಷ ಅಂದರೆ ಬೇಡ. ಐದೂ ಒಂದೇ ಸಾಲಿನಲ್ಲಿರುತ್ತವೆ. ಮನೆ ಕಟ್ಟುವ ಕಡೆ ಸಾಲಾಗಿ ನಿಂತು ಇಟ್ಟಿಗೆ ದಾಟಿಸುತ್ತಾರಲ್ಲ, ಹಾಗೆ. ಒಬ್ಬ ಹೊಸ ಹುಡುಗ ಬಂದ ಅಂತ ಸಾಲು ಓಡುವುದಿಲ್ಲ, ಸುಸ್ತಾದವನ ವೇಗವೇ ಎಲ್ಲರ ವೇಗ. ಚಾರ್ಜು ಮಾಡುವಾಗಲೂ ಐದಕ್ಕೂ ಒಂದೇ ಕರೆಂಟು. ಹೊಸದು ಮತ್ತು ಹಳೆಯವು ಒಟ್ಟಿಗೆ ತುಂಬುವುದಿಲ್ಲ. ಒಂದು ಕಡೆ ಹೆಚ್ಚಾಗಿ ಉಬ್ಬುತ್ತದೆ, ಇನ್ನೊಂದು ಕಡೆ ಅರ್ಧಂಬರ್ಧ. ಕೆಲವು ತಿಂಗಳಲ್ಲಿ ಹೊಸದೂ ಹಳೆಯವರ ಜೊತೆ ಸೇರಿಕೊಳ್ಳುತ್ತದೆ.

ಆ ಒಂದೇ ಯಾಕೆ ಹೋಯಿತು ಅಂತಲೂ ನೋಡಿ. ಹಾರ್ನಿಗೋ ಲೈಟಿಗೋ 12 ವೋಲ್ಟ್ ಬೇಕು ಅಂತ ಯಾರಾದರೂ ಅದೊಂದರಿಂದಲೇ ವೈರ್ ಎಳೆದಿದ್ದರೆ ಅದು ಉಳಿದವಕ್ಕಿಂತ ಜಾಸ್ತಿ ದುಡಿದು ಸತ್ತಿದೆ. ಆ ವೈರ್ ಕಿತ್ತು, 60 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರಿಗೆ ಕೊಡಿಸಿ. ಇಲ್ಲದಿದ್ದರೆ ಹೊಸ ಸೆಟ್ಟಿನಲ್ಲೂ ಇದೇ ಹಾಡು.

ಪ್ರಶ್ನೆ: 48 ವೋಲ್ಟಿನ ಗಾಡಿಗೆ 60 ವೋಲ್ಟ್ ಪ್ಯಾಕ್ ಹಾಕಿದರೆ ಸ್ಪೀಡ್ ಬರುತ್ತೆ ಅಂತ ಫ್ರೆಂಡ್ ಹೇಳ್ತಾನೆ. ಹೌದಾ?
— ಓದುಗರು, ಬೆಂಗಳೂರು

ಉತ್ತರ: ಸ್ಪೀಡ್ ಬರುತ್ತದೆ, ಕಂಟ್ರೋಲರ್ ಸುಡುವವರೆಗೆ. 48 ವೋಲ್ಟಿನ ಎಷ್ಟೋ ಕಂಟ್ರೋಲರುಗಳಲ್ಲಿ ಹಾಕಿರುವ ಕೆಪ್ಯಾಸಿಟರ್ 63 ವೋಲ್ಟಿನವು. ತುಂಬಿದ 60 ವೋಲ್ಟ್ ಪ್ಯಾಕ್ 69 ಕೊಡುತ್ತದೆ. ಪಟ್ ಅಂತ ಒಂದು ಶಬ್ದ, ಆಮೇಲೆ ಸುಟ್ಟ ವಾಸನೆ. ಕಂಟ್ರೋಲರನ್ನೂ ಬದಲಾಯಿಸುತ್ತೇನೆ ಅಂತೀರಾ? ನಿಮ್ಮ ಗಾಡಿಗೆ ನೋಂದಣಿ, ಲೈಸೆನ್ಸ್ ಬೇಡ ಅಂದಿರುವುದು ಮೋಟಾರ್ 250 ವ್ಯಾಟಿನೊಳಗೆ, ವೇಗ ಗಂಟೆಗೆ 25 ಕಿ.ಮೀ.ಯೊಳಗೆ ಇರುವುದಕ್ಕೆ. ಅದು ದಾಟಿದರೆ ಕಾನೂನಿನ ಕಣ್ಣಿಗೆ ನಂಬರ್ ಪ್ಲೇಟ್ ಇಲ್ಲದ, ವಿಮೆ ಇಲ್ಲದ ಮೋಟಾರ್ ವಾಹನ. ಬ್ರೇಕಿನ ಮಾತು ಬೇರೆ, ಆ ಪುಟ್ಟ ಡ್ರಮ್ಮುಗಳು 45ರ ವೇಗಕ್ಕೆ ಮಾಡಿದವಲ್ಲ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆ ನಿಮಗೆ ಗೊತ್ತೇ ಇದೆ. ಲಿಥಿಯಂ ಹಾಕಿಸಿದ್ದೇನೆ, ಪ್ಯಾಕ್ ಬಿಚ್ಚಿ ಮನೆಯೊಳಗೆ ತಂದು ಚಾರ್ಜು ಮಾಡುತ್ತೇನೆ. ಮನೆಯವರಿಗೆ ಭಯ.
— ಓದುಗರು, ಕಲಬುರಗಿ

ಉತ್ತರ: ಭಯ ಪಡುವುದು ಒಳ್ಳೆಯದೇ, ಸ್ವಲ್ಪ ಮಟ್ಟಿಗೆ. 42 ಡಿಗ್ರಿ ಬಿಸಿಲಿನಲ್ಲಿ ಓಡಿಸಿ ತಂದ ಪ್ಯಾಕನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಸಾಮಾನ್ಯವಾಗಿ ಈ ಸೆಲ್‌ಗಳನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜು ಮಾಡಬಾರದು. ನೆರಳಿನಲ್ಲಿ ಒಂದು ಗಂಟೆ ಬಿಡಿ, ಕೈಗೆ ತಣ್ಣಗೆ ಅನ್ನಿಸಿದ ಮೇಲೆ ಹಾಕಿ. ರಾತ್ರಿ ಮಲಗುವಾಗ ಹಾಕುವ ಅಭ್ಯಾಸ ಬಿಡಿ. ಸಂಜೆ ಏಳಕ್ಕೆ ಹಾಕಿದರೆ ಎಲ್ಲರೂ ಎಚ್ಚರ ಇರುವಾಗಲೇ ಮುಗಿಯುತ್ತದೆ. ಹಾಸಿಗೆ, ಸೋಫಾ, ಪರದೆ ಹತ್ತಿರ ಬೇಡ. ಕಲ್ಲು ಹಾಸಿನ ಮೇಲೆ ಇಡಿ. ಮನೆಗೆ ಒಂದೇ ಬಾಗಿಲಿದ್ದರೆ ಆ ಬಾಗಿಲ ಬಳಿ ಮಾತ್ರ ಇಡಬೇಡಿ, ಹೆಚ್ಚುಕಮ್ಮಿ ಆದರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ.

ಡಬ್ಬ ಉಬ್ಬಿದರೆ, ನೇಲ್ ಪಾಲಿಶ್ ಥರ ಸಿಹಿ ವಾಸನೆ ಬಂದರೆ, ಮಳೆಗಾಲದಲ್ಲಿ ಒಮ್ಮೆ ನೀರಲ್ಲಿ ಮುಳುಗಿದ್ದರೆ ಮತ್ತೆ ಚಾರ್ಜಿಗೆ ಹಾಕಲೇಬೇಡಿ, ಹೊರಗೆ ಬಯಲಿನಲ್ಲಿಟ್ಟು ಮಾರಿದವರನ್ನು ಕರೆಸಿ. ಹೊಗೆ ಶುರುವಾದರೆ ಪ್ಯಾಕ್ ಎತ್ತಲು ಹೋಗಬೇಡಿ. ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಗುವಂತಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, 112ಕ್ಕೆ ಫೋನ್ ಮಾಡಿ. ಲಿಥಿಯಂ ಪ್ಯಾಕ್ ಅಂತ ಮೊದಲೇ ಹೇಳಿ. ಅದನ್ನು ತಣಿಸಲು ನೀರು ಬಹಳ ಬೇಕಾಗುತ್ತದೆ, ಅವರು ತಯಾರಾಗಿ ಬರುತ್ತಾರೆ.