ಛದ್ಮವೇಷ ಒಂದು ದಿನ, ಬೆಂಚು ವರ್ಷವಿಡೀ

ಡೊಂಬಿವಲಿಯಿಂದ ಬರೆದ ತಾಯಿಗೆ ನಮಸ್ಕಾರ. ಮಗನ ಕ್ಲಾಸಿನಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನ ಬಡ ಮಕ್ಕಳೆಲ್ಲ ಹಿಂದಿನ ಬೆಂಚಿನಲ್ಲೇ ಕೂರುತ್ತಾರೆ, ಡಬ್ಬಿ ಬಿಚ್ಚುವಾಗಲೂ ಅವರದ್ದೇ ಬೇರೆ ಗುಂಪು, ನಿಮ್ಮ ಮಗನನ್ನು ಕೆಲವರು ‘ಮದ್ರಾಸಿ’ ಅಂತಾರೆ, ಇದಕ್ಕೆಲ್ಲ ಶಾಲೆಯವರು ‘ಏಕತಾ ದಿನ’ ಮಾಡೋಣ ಅಂದಿದ್ದಾರೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ.

ಸಾಲದು. ಮಾಡಬೇಡಿ ಅನ್ನುವುದಿಲ್ಲ. ಫೇಟಾ ಸುತ್ತಿಕೊಂಡು, ನವವಾರಿ ಉಟ್ಟುಕೊಂಡು ಫೋಟೋಗೆ ನಿಂತರೆ ಮಕ್ಕಳಿಗೂ ಖುಷಿ. (ಅಮ್ಮಂದಿರಿಗೆ ಇನ್ನೂ ಜಾಸ್ತಿ!) ಆದರೆ ಮಾರನೇ ದಿನ ಹಿಂದಿನ ಬೆಂಚು ಹಿಂದೆಯೇ ಇರುತ್ತದೆ ಅಲ್ವಾ?

1971ರಲ್ಲಿ ಅಮೆರಿಕದ ಆಸ್ಟಿನ್ ಊರಿನ ಶಾಲೆಗಳಲ್ಲಿ ಬಿಳಿಯ, ಕರಿಯ, ಮೆಕ್ಸಿಕೋ ಮೂಲದ ಮಕ್ಕಳನ್ನು ಒಟ್ಟಿಗೆ ಕೂರಿಸಿದಾಗ ಬರೀ ಜಗಳ. ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು ಭಾಷಣ ಬಿಗಿಯಲಿಲ್ಲ, ಪಾಠವನ್ನೇ ತುಂಡು ಮಾಡಿ ಹಂಚಿದರು. ನಮ್ಮ ಮುಂಬೈ ಬಟ್ಟೆ ಗಿರಣಿಗಳ ಪಾಠ ಅಂದುಕೊಳ್ಳಿ: ಒಬ್ಬನಿಗೆ ಹತ್ತಿ, ಒಬ್ಬಳಿಗೆ 1853ರ ರೈಲು, ಇನ್ನೊಬ್ಬನಿಗೆ ಚಾಳಿನ ಬದುಕು, ಮತ್ತೊಬ್ಬಳಿಗೆ 1982ರ ಮುಷ್ಕರ. ತನ್ನ ತುಂಡನ್ನು ಓದಿ ಗುಂಪಿನವರಿಗೆ ಹೇಳಿಕೊಡಬೇಕು, ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಆಗ ಹಿಂದಿನ ಬೆಂಚಿನ ಹುಡುಗಿ ಬಾಯಿ ಬಿಡದಿದ್ದರೆ ಮುಂದಿನ ಬೆಂಚಿನವನ ಮಾರ್ಕ್ಸಿಗೇ ಕತ್ತರಿ! ಗೇಲಿ ಮಾಡೋದು ಬಿಟ್ಟು ಅವನೇ ಅವಳ ಪಕ್ಕ ಬಂದು ಕೂತು ಕೇಳುತ್ತಾನೆ.

ಬಡ ಮಕ್ಕಳ ಜೊತೆ ಬೆರೆತರೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಅಂತ ಕೆಲವು ಪಾಲಕರ ಗೊಣಗಾಟವನ್ನೂ ಬರೆದಿದ್ದೀರಿ. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ದೆಹಲಿಯ ಖಾಸಗಿ ಶಾಲೆಗಳಲ್ಲಿ ಇದನ್ನೇ ನೋಡಿದರು, 2019ರಲ್ಲಿ ಪ್ರಕಟಿಸಿದರು. ಗಣಿತ, ಹಿಂದಿಗೆ ಏನೂ ಆಗಲಿಲ್ಲ, ಇಂಗ್ಲಿಷ್ ಮಾರ್ಕ್ಸ್ ಮಾತ್ರ ತುಸು ಇಳಿಯಿತು. ಬದಲಿಗೆ ಉಳ್ಳವರ ಮಕ್ಕಳ ಕೈ ಧಾರಾಳವಾಯಿತು, ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸುವಾಗ ಬಡವರು ಅಂತ ಹಿಂದೆ ಸರಿಯುವುದು ಕಡಿಮೆಯಾಯಿತು. ಕೆಲವು ಶಾಲೆಗಳಲ್ಲಿ ಓದುವ ಗುಂಪುಗಳನ್ನು ಹೆಸರಿನ ಮೊದಲ ಅಕ್ಷರ ನೋಡಿ ಮಾಡಿದ್ದರು. ಬೆರೆಸುವುದು ಅಷ್ಟು ಸುಲಭ ನೋಡಿ.

ಹಾಗಾಗಿ ಪಾಲಕರ ಸಭೆಯಲ್ಲಿ ಇಷ್ಟೇ ಕೇಳಿ: ಹಾಜರಿ ಪುಸ್ತಕದ ಕ್ರಮದಲ್ಲಿ ಕೂರಿಸಿ, ತಿಂಗಳಿಗೊಮ್ಮೆ ಜಾಗ ಬದಲಿಸಿ. ಆರ್‌ಟಿಇ ಮಕ್ಕಳನ್ನು ತರಗತಿಯಲ್ಲಿ ಬೇರೆ ಮಾಡಬಾರದು ಅಂತ ಕೇಂದ್ರದ ಮಾದರಿ ನಿಯಮಗಳೇ ಹೇಳುತ್ತವೆ, ಬೇಕಾದರೆ ಅದನ್ನೂ ಕಿವಿಗೆ ಹಾಕಿ. ‘ಮದ್ರಾಸಿ’ ವಿಷಯ ಟೀಚರಿಗೆ ಬೇರೆಯಾಗಿ ತಿಳಿಸಿ. ಎಲ್ಲರೆದುರು ಆ ಹುಡುಗರನ್ನು ಬೈದರೆ ಸಿಟ್ಟೆಲ್ಲ ನಿಮ್ಮ ಮಗನ ಮೇಲೇ ತಿರುಗುತ್ತದೆ.

ಡಬ್ಬಿಗೆ ಮಾತ್ರ ಬಲವಂತ ಬೇಡ. ಮೀನು ತಿನ್ನುವವರು, ವಾಸನೆಗೇ ಮೂಗು ಮುಚ್ಚುವವರು ನಮ್ಮ ಕನ್ನಡ ಸಂಘದಲ್ಲೂ ಇದ್ದಾರಲ್ಲ. ಪಕ್ಕಪಕ್ಕ ಕೂತು ತಿನ್ನಲಿ, ಹಂಚಿಕೊಳ್ಳಲೇಬೇಕು ಅಂತೇನಿಲ್ಲ.

– ಸಂ.