ಒಂಬತ್ತನೇ ಇನ್ನಿಂಗ್ಸ್‌ಗೆ ಯಾರನ್ನು ಕಳಿಸೋದು?

(ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನಮ್ಮ ಅಂಕಣಗಾರ್ತಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡದ ಕಟ್ಟಾ ಅಭಿಮಾನಿ. ಕಳೆದ ಸಂಚಿಕೆಯಲ್ಲಿ ಅವರು ಜೈಂಟ್ಸ್ ಕ್ಲೋಸರ್‌ಗಳ ಮೇಲೆ ಸಿಟ್ಟಾಗಿ ಎರಡು ಸಾಲು ಬರೆದಿದ್ದರು. ಆ ಬಗ್ಗೆ ಬಂದ ಪ್ರಶ್ನೆಗಳಿಗೇ ಈ ಸಲದ ಪುಟ ಮೀಸಲು.)

*ಅಕ್ಕಾ, ಕ್ಲೋಸರ್ ಅಂದರೆ ಯಾರು? ಚೆನ್ನಾಗಿ ಎಸೆಯುತ್ತಿರುವವನನ್ನೇ ಯಾಕೆ ತೆಗೆದು ಇನ್ನೊಬ್ಬನನ್ನು ಕರೆಸುತ್ತಾರೆ?*
– ಓದುಗರು, ತುಮಕೂರು

ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಒಂಬತ್ತು ಇನ್ನಿಂಗ್ಸ್. ಒಂದೊಂದಕ್ಕೆ ಮೂರು ಔಟ್, ಒಟ್ಟು 27. ಚೆಂಡು ಎಸೆಯುವವನು ಪಿಚರ್, ಮ್ಯಾಚ್ ಶುರು ಮಾಡುವ ಪಿಚರ್‌ನನ್ನು ಸ್ಟಾರ್ಟರ್ ಅಂತಾರೆ. ಅವನು ಐದಾರು ಇನ್ನಿಂಗ್ಸ್ ಎಳೆಯುತ್ತಾನೆ. ತೊಂಬತ್ತು, ನೂರು ಚೆಂಡು ಎಸೆಯುವ ಹೊತ್ತಿಗೆ ತೋಳು ಸೋತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಅದೇ ಬ್ಯಾಟರ್‌ಗಳು ಮೂರನೇ ಸಲ ಎದುರಿಗೆ ಬರುವಾಗ ಅವನ ಕೈಚಳಕ ಎಲ್ಲಾ ಅವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಆಮೇಲೆ ಬುಲ್‌ಪೆನ್‌ನಿಂದ, ಅಂದರೆ ಬದಲಿ ಪಿಚರ್‌ಗಳು ತೋಳು ಬೆಚ್ಚಗೆ ಮಾಡಿಕೊಂಡು ಕಾಯುವ ಜಾಗದಿಂದ, ಒಬ್ಬೊಬ್ಬರೇ ಬರುತ್ತಾರೆ. ಗೆಲ್ಲುವ ಮ್ಯಾಚಿನಲ್ಲಿ ಕೊನೆಯ ಮೂರು ಔಟ್ ತೆಗೆದು ಬಾಗಿಲು ಹಾಕುವವನೇ ಕ್ಲೋಸರ್. ಒಮ್ಮೆ ಹೊರಗೆ ಹೋದವನು ಆ ಮ್ಯಾಚಿಗೆ ವಾಪಸ್ ಬರುವ ಹಾಗಿಲ್ಲ. ಅದಕ್ಕೇ ಯಾರನ್ನು ಯಾವಾಗ ತೆಗೆಯಬೇಕು ಅನ್ನೋದರ ಮೇಲೆ ಇಲ್ಲಿ ಮನೆಮನೆಯಲ್ಲೂ ಜಗಳ.

*ನಮ್ಮ ಡೆತ್ ಓವರ್ ಬೌಲರ್ ಇದ್ದ ಹಾಗೆ ಅಲ್ವಾ? ಆರ್‌ಸಿಬಿ ನೋಡಿದವರಿಗೆ ನಿಮ್ಮ ಕಷ್ಟ ಹೊಸದೇನಲ್ಲ.*
– ಓದುಗರು, ಮಲ್ಲೇಶ್ವರ, ಬೆಂಗಳೂರು

ಅರ್ಧ ಸರಿ. ಕ್ರಿಕೆಟ್‌ನಲ್ಲಿ ರನ್ ಅಂತರ ಕೈಯಲ್ಲಿರುತ್ತದೆ. 2025ರ ಐಪಿಎಲ್ ಫೈನಲ್ ನೆನಪಿದೆಯಲ್ಲ, ಕೊನೆಯ ಓವರ್‌ಗೆ ಪಂಜಾಬ್‌ಗೆ 29 ಬೇಕಿತ್ತು. ಹೇಜಲ್‌ವುಡ್‌ಗೆ ಶಶಾಂಕ್ ಸಿಂಗ್ 22 ಚಚ್ಚಿದರೂ ಕಪ್ ನಮ್ಮದೇ ಆಯಿತು. ಎಷ್ಟೇ ಹೊಡೆಸಿಕೊಂಡರೂ ಆರು ಚೆಂಡು ಮುಗಿದರೆ ಓವರ್ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಆ ಪುಣ್ಯ ಇಲ್ಲ. ಮೂರು ಔಟ್ ಆಗುವವರೆಗೆ ಇನ್ನಿಂಗ್ಸ್ ಮುಗಿಯುವುದೇ ಇಲ್ಲ. ಹತ್ತು ಚೆಂಡಿಗೂ ಮುಗಿಯಬಹುದು, ಐವತ್ತಾದರೂ ಎಳೆಯಬಹುದು. ಇನ್ನಿಂಗ್ಸ್‌ಗೆ ಹೊತ್ತಿನ ಮಿತಿಯೂ ಇಲ್ಲ, ಚೆಂಡಿನ ಮಿತಿಯೂ ಇಲ್ಲ. ನಮ್ಮ ಯಜಮಾನರು ಒಂಬತ್ತನೇ ಇನ್ನಿಂಗ್ಸ್ ಬಂತು ಅಂದರೆ ಟಿವಿ ಮುಂದಿನಿಂದ ಎದ್ದು ಪಾತ್ರೆ ತೊಳೆಯೋಕೆ ಹೋಗುತ್ತಾರೆ. ಜೈಂಟ್ಸ್‌ನಿಂದ ನನಗೆ ಆಗಿರುವ ಒಂದೇ ಖಾಯಂ ಲಾಭ ಅದು.

*ಸ್ಕೋರ್‌ಕಾರ್ಡ್‌ನಲ್ಲಿ ‘ಸೇವ್’ ಅಂತ ಇರುತ್ತದಲ್ಲ, ಅದು ಯಾರಿಗೆ, ಯಾಕೆ ಕೊಡುತ್ತಾರೆ?*
– ಓದುಗರು, ದಾವಣಗೆರೆ

ಜೆರೋಮ್ ಹೋಲ್ಟ್ಸ್‌ಮನ್ ಅಂತ ಷಿಕಾಗೋದ ಒಬ್ಬ ಕ್ರೀಡಾ ಪತ್ರಕರ್ತರು ಹುಟ್ಟುಹಾಕಿದ ಲೆಕ್ಕ ಅದು. 1969ರಿಂದ ಅಧಿಕೃತವಾಯಿತು. ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇದ್ದಾಗ ಬಂದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆದು ಗೆಲುವು ಉಳಿಸಿದರೆ ಒಂದು ಸೇವ್. ಉಳಿಸಬೇಕಾದ ಮುನ್ನಡೆಯನ್ನು ಕಳೆದುಕೊಂಡರೆ ‘ಬ್ಲೋನ್ ಸೇವ್’, ಅಂದರೆ ಮಾರನೆಯ ಬೆಳಿಗ್ಗೆ ಆಫೀಸಿನಲ್ಲಿ ಬೈಗುಳ. ಇನ್ನೊಂದು ತಮಾಷೆ ನಿಯಮ ಇದೆ. ಮುನ್ನಡೆ ಎಷ್ಟೇ ಇರಲಿ, ಕೊನೆಯ ಮೂರು ಇನ್ನಿಂಗ್ಸ್ ಸರಿಯಾಗಿ ಎಸೆದು ಮುಗಿಸಿದರೂ ಸೇವ್ ಸಿಗುತ್ತದೆ. 2007ರಲ್ಲಿ ಟೆಕ್ಸಸ್ ರೇಂಜರ್ಸ್ ತಂಡ ಬಾಲ್ಟಿಮೋರ್ ಓರಿಯೋಲ್ಸ್ ಮೇಲೆ 30–3ರಿಂದ ಗೆದ್ದಿತು. ಕೊನೆಯ ಮೂರು ಇನ್ನಿಂಗ್ಸ್ ಎಸೆದ ವೆಸ್ ಲಿಟಲ್‌ಟನ್‌ಗೆ ಸೇವ್! 27 ರನ್ ಅಂತರದ ಗೆಲುವನ್ನು ಯಾರ ಕೈಯಿಂದ ‘ಉಳಿಸಿದ’ ಅಂತ ದೇವರೇ ಹೇಳಬೇಕು.

*ನೀವು ನೋಡಿದ ಜೈಂಟ್ಸ್ ಕ್ಲೋಸರ್‌ಗಳಲ್ಲಿ ಯಾರು ಮೇಲು? ನನ್ನ ಓಟು ಬ್ರಯಾನ್ ವಿಲ್ಸನ್‌ಗೆ.*
– ಓದುಗರು, ಫ್ರೀಮಾಂಟ್

ನಿಮ್ಮ ಓಟು ನಿಮ್ಮಲ್ಲೇ ಇರಲಿ. 2010ರಲ್ಲಿ 48 ಸೇವ್, ನವೆಂಬರ್ 1ರ ರಾತ್ರಿ ಟೆಕ್ಸಸ್‌ನಲ್ಲಿ ನೆಲ್ಸನ್ ಕ್ರೂಜ್‌ನನ್ನು ಸ್ಟ್ರೈಕ್‌ಔಟ್ ಮಾಡಿ (ಹೊಡೆಯಬೇಕಾದ ಚೆಂಡು ತಪ್ಪಿಸಿಕೊಂಡರೆ ಅಥವಾ ಸುಮ್ಮನೆ ಬಿಟ್ಟರೆ ಒಂದು ಸ್ಟ್ರೈಕ್, ಮೂರಾದರೆ ಔಟ್) ಸ್ಯಾನ್ ಫ್ರಾನ್ಸಿಸ್ಕೋಗೆ ಮೊದಲ ವಿಶ್ವ ಸರಣಿ, ಅಂದರೆ ಇಲ್ಲಿನ ಬೇಸ್‌ಬಾಲ್ ಫೈನಲ್, ತಂದುಕೊಟ್ಟ. ಕಪ್ಪು ಬಣ್ಣ ಹಚ್ಚಿದ ಆ ಗಡ್ಡವನ್ನು ಊರೆಲ್ಲ ಅಂಟಿಸಿಕೊಂಡು ಓಡಾಡಿತ್ತು. ಅವನು ಬಂದರೆ ಎದುರಾಳಿಗಳು ಒಂದಿಬ್ಬರು ಬೇಸ್ (ರನ್‌ಗೆ ಓಡುವ ದಾರಿಯ ನಿಲ್ದಾಣ) ಮೇಲೆ ಗ್ಯಾರಂಟಿ, ಆಮೇಲೆ ಹೇಗೋ ಮುಗಿಸುತ್ತಿದ್ದ. ಟಿವಿ ಕಾಮೆಂಟರಿಯ ಡ್ವೇನ್ ಕೈಪರ್ ಆ ವರ್ಷದ ಆಟಕ್ಕೆ ‘ಟಾರ್ಚರ್’ ಅಂತಲೇ ಹೆಸರಿಟ್ಟರು. ಅದೆಲ್ಲ ಸರಿ. ಆದರೆ 2013ರಲ್ಲಿ ಅವನು ಹೋಗಿ ಸೇರಿದ್ದು ಯಾರನ್ನು? ನಮ್ಮ ಕಡುವೈರಿ ಲಾಸ್ ಏಂಜಲಿಸ್ ಡಾಡ್ಜರ್ಸ್‌ನ. ಅದೇ ಗಡ್ಡ, ಮೈಮೇಲೆ ನೀಲಿ ಅಂಗಿ. ನಾನು ಅಷ್ಟು ಸುಲಭಕ್ಕೆ ಮರೆಯುವವಳಲ್ಲ.

ನನ್ನ ಓಟು ಸರ್ಜಿಯೋ ರೋಮೋಗೆ. 2012ರ ಏಪ್ರಿಲ್‌ನಲ್ಲೇ ವಿಲ್ಸನ್ ಮೊಣಕೈ ಹೋಯಿತು. ಕೆಲಸ ಸ್ಯಾಂಟಿಯಾಗೋ ಕಸೀಯಾಗೆ ಬಂತು, ಅವನು ಎಡವಿದ ಮೇಲೆ ರೋಮೋಗೆ. ಆಳು ಸಣ್ಣ, ವೇಗ ಇಲ್ಲ. ಇದ್ದದ್ದು ಒಂದು ಸ್ಲೈಡರ್. ನೇರ ಬಂದ ಹಾಗೆ ಕಂಡು, ಬ್ಯಾಟ್ ಹತ್ತಿರ ಬರುವಾಗ ಪಕ್ಕಕ್ಕೆ ಜಾರಿಕೊಳ್ಳುವ ಚೆಂಡು ಅದು. ಅಕ್ಟೋಬರ್ 28, ಡೆಟ್ರಾಯಿಟ್. ವಿಶ್ವ ಸರಣಿಯ ನಾಲ್ಕನೇ ಪಂದ್ಯ, ಹತ್ತನೇ ಇನ್ನಿಂಗ್ಸ್ (ಒಂಬತ್ತಕ್ಕೆ ಸಮ ಆದರೆ ಆಟ ಮುಂದುವರಿಯುತ್ತದೆ), ನಾವು 4–3. ಎರಡು ಔಟ್ ಆಗಿದೆ. ಎದುರಿಗೆ ಮಿಗೆಲ್ ಕಬ್ರೇರಾ. ಸರಾಸರಿ, ಹೋಮ್‌ರನ್ (ನಮ್ಮ ಸಿಕ್ಸರ್ ಥರ), ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್) ಮೂರರಲ್ಲೂ ಆ ವರ್ಷ ಅವನ ಲೀಗಿಗೆ ಅವನೇ ಮೊದಲು. 1967ರಿಂದ ಯಾರಿಗೂ ಆಗದಿದ್ದ ಸಾಧನೆ. ರೋಮೋ ಸ್ಲೈಡರ್ ಮೇಲೆ ಸ್ಲೈಡರ್ ಎಸೆದ. ಎರಡು ಸ್ಟ್ರೈಕ್ ಆಯಿತು. ಇನ್ನೊಂದು ಸ್ಲೈಡರೇ ಬರುತ್ತದೆ ಅಂತ ಕ್ರೀಡಾಂಗಣಕ್ಕೆಲ್ಲ ಗೊತ್ತು, ಕಬ್ರೇರಾಗೂ ಗೊತ್ತು. ಬಂದದ್ದು ಗಂಟೆಗೆ 89 ಮೈಲಿಯ ಫಾಸ್ಟ್‌ಬಾಲ್, ಅದೂ ನಟ್ಟ ನಡುವೆ. ಕಾಲೇಜು ಹುಡುಗರೂ ಅಷ್ಟು ವೇಗಕ್ಕೆ ಎಸೆಯುತ್ತಾರೆ. ಕಬ್ರೇರಾ ಬ್ಯಾಟ್ ಅಲ್ಲಾಡಿಸಲಿಲ್ಲ. ಸುಮ್ನೆ ನೋಡುತ್ತಾ ನಿಂತ. ವಿಶ್ವ ಸರಣಿ ಮುಗಿಯಿತು.

2014 ಇನ್ನೂ ವಿಚಿತ್ರ. ವರ್ಷದ ಶುರುವಿನಲ್ಲಿ ರೋಮೋ ಕ್ಲೋಸರ್, ಬೇಸಿಗೆಯಲ್ಲಿ ಮತ್ತೆ ಕಸೀಯಾ. ಕಾನ್ಸಸ್ ಸಿಟಿಯಲ್ಲಿ ವಿಶ್ವ ಸರಣಿಯ ಏಳನೇ ಪಂದ್ಯ ಮುಗಿಸಿದವನು ಇಬ್ಬರಲ್ಲಿ ಯಾರೂ ಅಲ್ಲ. ಸ್ಟಾರ್ಟರ್ ಮ್ಯಾಡಿಸನ್ ಬಮ್‌ಗಾರ್ನರ್! ಮೂರು ದಿನದ ಹಿಂದೆ 117 ಚೆಂಡು ಎಸೆದು ಇಡೀ ಪಂದ್ಯ ಗೆದ್ದುಕೊಟ್ಟವನು, 3–2 ಮುನ್ನಡೆಯಲ್ಲಿ ಐದನೇ ಇನ್ನಿಂಗ್ಸ್‌ಗೆ ಬಂದ. ಒಂದೆರಡು ಇನ್ನಿಂಗ್ಸ್ ಎಸೆದು ಹೋಗುತ್ತಾನೆ ಅಂದುಕೊಂಡೆವು. ಹೋಗಲೇ ಇಲ್ಲ. ಐದು ಇನ್ನಿಂಗ್ಸ್, 68 ಚೆಂಡು, ಒಂದೂ ರನ್ ಇಲ್ಲ. ವಿಶ್ವ ಸರಣಿಯ ಅತಿ ಉದ್ದದ ಸೇವ್ ಅದು. ಒಂಬತ್ತನೆಯದರಲ್ಲಿ ಎರಡು ಔಟ್ ಆದ ಮೇಲೆ ಅಲೆಕ್ಸ್ ಗಾರ್ಡನ್ ಹೊಡೆದ ಚೆಂಡನ್ನು ನಮ್ಮ ಫೀಲ್ಡರ್‌ಗಳು ಎರಡೆರಡು ಸಲ ಕೈಬಿಟ್ಟರು, ಅವನು ಮೂರನೇ ಬೇಸ್‌ವರೆಗೆ ಓಡಿಬಂದ. ಸಿಂಕ್‌ನಲ್ಲಿ ಲೋಟ ಒಡೆದ ಸದ್ದು ಕೇಳಿಸಿತು. ಬಮ್‌ಗಾರ್ನರ್ ಮುಖದಲ್ಲಿ ಮಾತ್ರ ಒಂದು ಗೆರೆ ಬದಲಾಗಲಿಲ್ಲ. ಸಾಲ್ವಡೋರ್ ಪೆರೆಜ್ ಮೇಲಕ್ಕೆ ಎತ್ತಿದ ಚೆಂಡನ್ನು ಸ್ಯಾಂಡೋವಲ್ ಹಿಡಿದು ಅಂಗಾತ ಬಿದ್ದ.

ನೋಡಿ, ಮೂರು ಕಪ್, ಮುಗಿಸಿದವರು ಮೂವರು. ಅದರಲ್ಲಿ ಇಬ್ಬರು ಆ ವರ್ಷ ಶುರುವಾದಾಗ ಕ್ಲೋಸರ್ ಆಗಿರಲೇ ಇಲ್ಲ, ಇಲ್ಲವೇ ಯಾವತ್ತೂ ಆಗಿರಲಿಲ್ಲ. ಇದು ಪರ್ಮನೆಂಟ್ ನೌಕರಿ ಅಲ್ಲ ಅಂತ ನಾನು ಹೇಳುವುದು ಅದಕ್ಕೇ.

*ಹಾಗಂತೀರಿ, ಆದರೆ 2016ರಲ್ಲಿ ಖಾಯಂ ಕ್ಲೋಸರ್ ಇಲ್ಲದೇ ಅಲ್ವೇ ಮುಳುಗಿದ್ದು?*
– ಓದುಗರು, ಸ್ಯಾನ್ ಹೋಸೆ

ಗಾಯಕ್ಕೆ ಸರಿಯಾಗಿ ಉಪ್ಪು ಹಾಕಿದಿರಿ. ಆ ವರ್ಷ ನಮ್ಮವು 30 ಬ್ಲೋನ್ ಸೇವ್. ಸೆಪ್ಟೆಂಬರ್‌ನಲ್ಲಿ ಕಸೀಯಾನನ್ನು ಇಳಿಸಿದ ಮೇಲೆ ಒಂಬತ್ತನೆಯದು ಯಾರದ್ದು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಕ್ಟೋಬರ್ 11ಕ್ಕೆ ಷಿಕಾಗೋ ಕಬ್ಸ್ ಜೊತೆ ಪ್ಲೇಆಫ್ ಸರಣಿಯ ನಾಲ್ಕನೇ ಪಂದ್ಯ, ನಮ್ಮೂರಿನಲ್ಲೇ. ಸ್ಟಾರ್ಟರ್ ಮ್ಯಾಟ್ ಮೂರ್ ಎಂಟು ಇನ್ನಿಂಗ್ಸ್ ಎಸೆದು ಬರೀ ಎರಡು ಹಿಟ್ ಕೊಟ್ಟಿದ್ದ. ಸ್ಕೋರ್ 5–2. ಚೆಂಡಿನ ಲೆಕ್ಕ 120 ಆಗಿತ್ತು, ತೆಗೆದರು. ಅದು ತಪ್ಪಲ್ಲ.

ಆಮೇಲೆ ಆದದ್ದು ಕೇಳಿ. ಡೆರೆಕ್ ಲಾ ಬಂದ, ಒಬ್ಬನಿಗೆ ಎಸೆದ, ಹಿಟ್. ಮ್ಯಾನೇಜರ್ ಬ್ರೂಸ್ ಬೋಚಿ ನಿಧಾನಕ್ಕೆ ನಡೆದುಕೊಂಡು ಬಂದು ಚೆಂಡು ಇಸಿದುಕೊಂಡರು. ಹವಿಯರ್ ಲೋಪೆಜ್ ಬಂದ, ಒಬ್ಬನಿಗೆ ಎಸೆದ, ವಾಕ್ (ನಾಲ್ಕು ಚೆಂಡು ಗುರಿ ತಪ್ಪಿದರೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್). ಮತ್ತೆ ಬೋಚಿ. ರೋಮೋ ಬಂದ, ಡಬಲ್ (ಎರಡು ಬೇಸ್ ಓಡಿಸುವ ಹೊಡೆತ) ಹೊಡೆಸಿಕೊಂಡ, 5–3. ಮತ್ತೆ ಬೋಚಿ. ವಿಲ್ ಸ್ಮಿತ್ ಬಂದ (ನಟ ಅಲ್ಲ, ಪಿಚರ್), 5–5. ಹಂಟರ್ ಸ್ಟ್ರಿಕ್‌ಲ್ಯಾಂಡ್ ಬಂದ, ಹವಿಯರ್ ಬಾಯೆಜ್ ಹೊಡೆದ, 5–6. ಒಂದು ಇನ್ನಿಂಗ್ಸ್‌ಗೆ ಐದು ಜನ. ಒಬ್ಬೊಬ್ಬ ಬರುವಾಗಲೂ ಹಿಂದಿನವನ ಸಾಲ ತೀರಿಸುವ ಕೆಲಸ. ಕಬ್ಸ್ ಮುಂದೆ ಹೋಗಿ 1908ರ ನಂತರದ ತಮ್ಮ ಮೊದಲ ವಿಶ್ವ ಸರಣಿಯನ್ನೂ ಗೆದ್ದರು. ಇಡೀ ಅಮೆರಿಕ ಕಣ್ಣೀರು ಹಾಕಿತು, ನಾನೂ ಹಾಕಿದೆ, ಕಾರಣ ಬೇರೆ.

ನನ್ನ ತಕರಾರು ಇಷ್ಟೇ. ಕ್ಲೋಸರ್ ಅಂತ ಬೋರ್ಡ್ ಹಾಕಿಕೊಂಡವನು ಇರಲಿಲ್ಲ ಅನ್ನುವುದಕ್ಕಲ್ಲ ಸೋತದ್ದು. ಆ ರಾತ್ರಿ ಬೋಚಿ ಯಾರನ್ನೂ ನಂಬಲಿಲ್ಲ. 2014ರಲ್ಲಿ ಒಬ್ಬನನ್ನು ಐದು ಇನ್ನಿಂಗ್ಸ್ ನಂಬಿದ್ದವರೂ ಅವರೇ. ಹುದ್ದೆ ಖಾಯಂ ಬೇಡ, ಆದರೆ ಆ ದಿನಕ್ಕೆ ಯಾರು ಚೆನ್ನಾಗಿದ್ದಾರೋ ಅವರ ಕೈಗೆ ಪೂರ್ತಿ ಇನ್ನಿಂಗ್ಸ್ ಕೊಡಬೇಕು. ಒಂದು ಹಿಟ್ ಬಿದ್ದ ಕೂಡಲೇ ಓಡಿ ಬರಬಾರದು.

ಮುಂದೆ ಆಡಳಿತದವರು ಏನು ಮಾಡಿದರು ಗೊತ್ತಲ್ಲ. ಹೆದರಿ ಮಾರ್ಕ್ ಮೆಲಾನ್ಸನ್‌ಗೆ ನಾಲ್ಕು ವರ್ಷಕ್ಕೆ 6.2 ಕೋಟಿ ಡಾಲರ್ ಕೊಟ್ಟು ತಂದರು. 2017ರ ಮೊದಲ ಪಂದ್ಯ, ಅರಿಜೋನಾ. ಬಮ್‌ಗಾರ್ನರ್ ಪಿಚಿಂಗ್ ಜೊತೆಗೆ ತಾನೇ ಎರಡು ಹೋಮ್‌ರನ್ ಬೇರೆ ಹೊಡೆದ. ಒಂಬತ್ತನೆಯದಕ್ಕೆ 5–4. ಮೆಲಾನ್ಸನ್ ಬಂದ, 6–5 ಸೋತೆವು. ಆ ವರ್ಷ ಒಟ್ಟು 98 ಸೋಲು. ಪಾಪ, ಅವನ ತೋಳಿಗೂ ಆಪರೇಷನ್ ಆಯಿತು. 2019ಕ್ಕೆ ಅಟ್ಲಾಂಟಾಗೆ ಕೊಟ್ಟುಬಿಟ್ಟರು.

*ಎಲ್ಲಾ ಬಿಟ್ಟು ಮರಿಯಾನೋ ರಿವೇರಾ ಹೆಸರೇ ಇಲ್ಲವಲ್ಲ ಮೇಡಂ?*
– ಓದುಗರು, ಮೈಸೂರು

ಅವರು ನ್ಯೂಯಾರ್ಕ್ ಯಾಂಕೀಸ್. ನನ್ನ ತಂಡ ಅಲ್ಲ, ಆದರೂ ಕೈಮುಗಿಯುತ್ತೇನೆ. 652 ಸೇವ್, ಇವತ್ತಿಗೂ ದಾಖಲೆ. ಹೆಚ್ಚುಕಮ್ಮಿ ಒಂದೇ ಚೆಂಡು, ಕಟರ್ (ವೇಗವಾಗಿ ಬಂದು ಕೊನೆಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುವ ಚೆಂಡು). 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಒಬ್ಬರೂ ಬಿಡದೆ ಎಲ್ಲರ ಓಟು ಬಿದ್ದ ಮೊದಲ ಆಟಗಾರ. ಅಂಥವರೂ 2001ರ ವಿಶ್ವ ಸರಣಿಯ ಏಳನೇ ಪಂದ್ಯದಲ್ಲಿ ಅರಿಜೋನಾ ಎದುರು ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸೋತರು.

*ಈ ವಯಸ್ಸಲ್ಲಿ ಇಷ್ಟು ಟೆನ್ಷನ್ ಯಾಕಮ್ಮ? ಬಿ.ಪಿ. ನೋಡಿಸಿಕೊಳ್ಳಿ.*
– ಹಿರಿಯ ಓದುಗರು, ಹುಬ್ಬಳ್ಳಿ

ನೋಡಿಸಿದ್ದೇನೆ. ನಾರ್ಮಲ್. ಮ್ಯಾಚ್ ಇಲ್ಲದ ಡಿಸೆಂಬರ್‌ನಲ್ಲಿ.

*ಕಮೀಲೋ ದೊವಾಲ್‌ನನ್ನು ಮಾರಿದ್ದು ಸರಿಯೇ? ಈಗ ಯಾರನ್ನು ನಂಬೋದು?*
– ಓದುಗರು, ಸ್ಯಾಂಟಾ ಕ್ಲಾರಾ

ಗಂಟೆಗೆ ನೂರು ಮೈಲಿ ಎಸೆಯುವ ಹುಡುಗ. 2023ರಲ್ಲಿ 39 ಸೇವ್. ಮಾರನೆಯ ವರ್ಷ ಆಗಸ್ಟ್‌ನಲ್ಲಿ ಸ್ಟ್ರೈಕ್ ಎಸೆಯಲಾಗದೆ ಸ್ಯಾಕ್ರಮೆಂಟೋದ ಕೆಳಗಿನ ತಂಡಕ್ಕೆ ಹೋದ. ಹನ್ನೆರಡು ತಿಂಗಳಲ್ಲಿ ಮೇಲೆ ಇದ್ದವನು ಕೆಳಗೆ. 2025ರ ಜುಲೈ ಕೊನೆಗೆ ಯಾಂಕೀಸ್‌ಗೆ ಕೊಟ್ಟರು, ಜೊತೆಗೇ ಟೈಲರ್ ರಾಜರ್ಸ್‌ನನ್ನು ಮೆಟ್ಸ್‌ಗೆ. ದೊವಾಲ್‌ಗೆ ಬೇಜಾರಿಲ್ಲ, ರಾಜರ್ಸ್‌ಗೆ ಬೇಜಾರಿದೆ. ಬೆರಳ ಗೆಣ್ಣು ನೆಲಕ್ಕೆ ತಾಗುತ್ತೇನೋ ಅನ್ನುವಷ್ಟು ಬಗ್ಗಿ ಕೆಳಗಿನಿಂದ ಎಸೆಯುತ್ತಿದ್ದ. ವೇಗ ಎಂಬತ್ತರ ಆಸುಪಾಸು. ಎಂಟನೇ ಇನ್ನಿಂಗ್ಸ್‌ಗೆ ಅವನು ಬಂದರೆ ಮನಸ್ಸಿಗೆ ನೆಮ್ಮದಿ. ಸೇವ್ ಲೆಕ್ಕದಲ್ಲಿ ಅವನ ಹೆಸರು ಜಾಸ್ತಿ ಕಾಣುವುದಿಲ್ಲ, ಅದಕ್ಕೇ ಆ ಲೆಕ್ಕದ ಮೇಲೆ ನನಗೆ ಸಿಟ್ಟು. ಆಮೇಲೆ ಕ್ಲೋಸರ್ ಕೆಲಸ ರಾಂಡಿ ರೋಡ್ರಿಗೆಸ್‌ಗೆ ಕೊಟ್ಟರು. ಅದೇ ವರ್ಷ ಆಲ್‌ಸ್ಟಾರ್ ಆಗಿದ್ದವನು. ಸೆಪ್ಟೆಂಬರ್‌ಗೆ ಮೊಣಕೈ ಆಪರೇಷನ್.

ಯಾರನ್ನು ನಂಬೋದು ಅಂದರೆ, ಹೆಸರು ಹೇಳುವುದಿಲ್ಲ. ದುಡ್ಡು ಸುರಿದು ದೊಡ್ಡ ಹೆಸರು ತರಬೇಡಿ ಅಂತ ಮಾತ್ರ ಹೇಳುತ್ತೇನೆ. ಏಪ್ರಿಲ್‌ನಲ್ಲಿ ಮೂರು ನಾಲ್ಕು ಹುಡುಗರಿಗೆ ಸರದಿ ಕೊಡಿ. ಜೂನ್ ಹೊತ್ತಿಗೆ ಯಾರ ಚೆಂಡಿಗೆ ಬ್ಯಾಟ್ ತಾಗುತ್ತಿಲ್ಲ ಅಂತ ತಾನಾಗಿ ಕಾಣುತ್ತದೆ.

*ಮಗಳ ಮನೆಗೆ ಜುಲೈನಲ್ಲಿ ಬರುತ್ತಿದ್ದೇವೆ. ಒಂದು ಮ್ಯಾಚ್ ನೋಡಬೇಕು ಅಂತ ಆಸೆ. ಏನು ಗಮನಿಸಬೇಕು?*
– ಓದುಗ ದಂಪತಿ, ಹಾಸನ

ಬನ್ನಿ. ಕಾರ್ ಬೇಡ, ಕ್ಯಾಲ್‌ಟ್ರೇನ್‌ನಲ್ಲಿ ಬಂದು ಇಳಿದರೆ ಮೈದಾನಕ್ಕೆ ನಡೆಯುವ ದೂರ. ಜುಲೈ ಅಂತ ನಂಬಿ ತೆಳು ಬಟ್ಟೆ ಹಾಕಬೇಡಿ, ಸಂಜೆ ಕೊಲ್ಲಿ ಕಡೆಯಿಂದ ಬೀಸುವ ಗಾಳಿಗೆ ಸ್ವೆಟರ್ ಬೇಕೇ ಬೇಕು. ಮುಂಚೆ ಬುಲ್‌ಪೆನ್ ಮೈದಾನದೊಳಗೇ, ಫೌಲ್ ಗೆರೆ ಪಕ್ಕ ಇತ್ತು. ಹತ್ತಿರ ಸೀಟ್ ಸಿಕ್ಕರೆ ಚೆಂಡು ಕ್ಯಾಚರ್ ಗ್ಲೌಸ್‌ಗೆ ಬಡಿಯುವ ಸದ್ದು ಕಿವಿಗೇ ಬೀಳುತ್ತಿತ್ತು. 2020ರಿಂದ ಅದನ್ನು ದೂರದ ಗೋಡೆ ಆಚೆಗೆ ಸಾಗಿಸಿದ್ದಾರೆ. ಹಾಗಾಗಿ ಆ ಕಡೆ ಟಿಕೆಟ್ ತೆಗೆದುಕೊಳ್ಳಿ. ಏಳನೇ ಇನ್ನಿಂಗ್ಸ್ ಮುಗಿಯುವಾಗ ಯಾರು ಎದ್ದು ತೋಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ ನೋಡಿ, ಪಕ್ಕದವರ ಮುಖವನ್ನೂ ನೋಡಿ, ಆವತ್ತಿನ ಭವಿಷ್ಯ ಗೊತ್ತಾಗುತ್ತದೆ. ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್ ತಿನ್ನಿ, ಚೆನ್ನಾಗಿರುತ್ತದೆ. ಎಂಟನೇ ಇನ್ನಿಂಗ್ಸ್‌ಗೇ ಅಳಿಯಂದಿರು ರಶ್ ಆಗುತ್ತೆ, ಹೊರಡೋಣ ಅಂದರೆ ಏಳಬೇಡಿ. ಮ್ಯಾಚ್ ಮುಗಿದ ಮೇಲೂ ರೈಲು ಇದೆ.